ಉಸಿರು ನಿಧಾನವಾದಾಗ: ನಾಲಾಕ್ಸೋನ್ ಕುರಿತು ಓದುಗರ ಪ್ರಶ್ನೆಗಳು

ಮಾರ್ಫಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್ ಮುಂತಾದ ಅಫೀಮು ವರ್ಗದ ಔಷಧಿ ಮಿತಿ ಮೀರಿದಾಗ ಏನು ಮಾಡಬೇಕು, ಅದನ್ನು ಇಳಿಸುವ ನಾಲಾಕ್ಸೋನ್ ಚುಚ್ಚುಮದ್ದಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಶಿವಮೊಗ್ಗ ಜಿಲ್ಲೆಯ ಹಲವು ತಾಲ್ಲೂಕುಗಳಿಂದ ಪ್ರಶ್ನೆಗಳು ಬಂದಿವೆ. ತುರ್ತು ಚಿಕಿತ್ಸೆ, ನೋವು ಶಮನ ಮತ್ತು ಔಷಧಿ ವಿಭಾಗದ ತಜ್ಞರು ಉತ್ತರಿಸಿದ್ದಾರೆ. ಹೆಸರು ಬೇಡ ಎಂದವರೇ ಹೆಚ್ಚು; ಆದ್ದರಿಂದ ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ಅಪ್ಪಯ್ಯನಿಗೆ ಕ್ಯಾನ್ಸರ್. ನೋವಿಗೆ ಮಾರ್ಫಿನ್ 10 ಮಿ.ಗ್ರಾಂ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುತ್ತಿದ್ದೇವೆ. ಆಸ್ಪತ್ರೆಯ ಚೀಟಿಯ ಕೊನೆಯಲ್ಲಿ ‘ತುರ್ತಿಗೆ ನಾಲಾಕ್ಸೋನ್’ ಎಂದು ಬರೆದಿದೆ. ಇದೇನು? ಮನೆಯಲ್ಲಿ ತಂದಿಟ್ಟುಕೊಳ್ಳಬೇಕೆ? ಮಾರ್ಫಿನ್ ಕೊಡುವುದೇ ತಪ್ಪೇನೋ ಎಂದು ಅಮ್ಮ ಹೆದರಿದ್ದಾರೆ. (ತೀರ್ಥಹಳ್ಳಿ)

ಮೊದಲು ಅಮ್ಮನ ಹೆದರಿಕೆಗೆ ಉತ್ತರ ಹೇಳಬೇಕು. ವೈದ್ಯರು ಹೇಳಿದಷ್ಟನ್ನು, ಹೇಳಿದ ಹೊತ್ತಿಗೆ ಕೊಟ್ಟರೆ ಮಾರ್ಫಿನ್‌ನಿಂದ ಉಸಿರು ನಿಲ್ಲುವುದು ತೀರ ಅಪರೂಪ. ಹೆದರಿ ಒಂದು ಹೊತ್ತಿನ ಮಾತ್ರೆ ತಪ್ಪಿಸಿ, ನೋವು ಕೆರಳಿದ ಮೇಲೆ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಿಸುವುದೇ ನಿಜವಾದ ಅಪಾಯ. ಗಡಿಯಾರ ನೋಡಿ ಕೊಡಿ, ಕೊಟ್ಟ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯಲ್ಲಿ ಇಬ್ಬರು ಮೂವರು ಆರೈಕೆ ಮಾಡುವಾಗ ‘ನೀನು ಕೊಟ್ಟಿರಲಿಲ್ಲವಾ’ ಎಂದು ಎರಡು ಸಲ ಕೊಡುವ ತಪ್ಪು ಇದರಿಂದ ತಪ್ಪುತ್ತದೆ.

ಇನ್ನು ನಾಲಾಕ್ಸೋನ್. ನಮ್ಮ ಮಿದುಳಿನ ಬುಡದಲ್ಲಿ ಉಸಿರಾಟದ ಲಯ ಕಾಯುವ ಜೀವಕೋಶಗಳಿವೆ. ಅಫೀಮು ವರ್ಗದ ಔಷಧಿ ಅಲ್ಲಿನ ‘ಮ್ಯೂ’ ಎಂಬ ಗ್ರಾಹಕಗಳ ಮೇಲೆ ಕೂತು ಲಯವನ್ನು ನಿಧಾನ ಮಾಡುತ್ತದೆ. ಪ್ರಮಾಣ ಹೆಚ್ಚಾದರೆ ಉಸಿರೆಳೆಯಬೇಕೆಂಬ ಒತ್ತಡವೇ ದೇಹಕ್ಕೆ ಹುಟ್ಟುವುದಿಲ್ಲ. ನಾಲಾಕ್ಸೋನ್ ಆ ಜಾಗಕ್ಕೆ ನುಗ್ಗಿ ಅಫೀಮನ್ನು ಎಬ್ಬಿಸಿ ತಾನು ಕೂರುತ್ತದೆ. ಕೂತ ಮೇಲೆ ತಾನೇನೂ ಮಾಡುವುದಿಲ್ಲ. ಅದರಿಂದ ಮತ್ತು ಬರುವುದಿಲ್ಲ, ಚಟ ಹತ್ತುವುದಿಲ್ಲ. 1971ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆದ ಹಳೆಯ ಔಷಧಿ ಇದು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಇಲ್ಲಿ ಸಾಮಾನ್ಯವಾಗಿ ಸಿಗುವುದು 1 ಮಿ.ಲೀ. ಆಂಪೂಲ್ (ಕತ್ತು ಮುರಿದು ತೆರೆಯುವ ಪುಟ್ಟ ಗಾಜಿನ ಸೀಸೆ), ಅದರಲ್ಲಿ 0.4 ಮಿ.ಗ್ರಾಂ ಔಷಧಿ. ವೈದ್ಯರ ಚೀಟಿ ಬೇಕು.

ನಿಮ್ಮ ಅಪ್ಪಯ್ಯನ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಇಡೀ ಆಂಪೂಲನ್ನು ಒಮ್ಮೆಲೇ ಕೊಟ್ಟರೆ ಮಾರ್ಫಿನ್ನಿನ ಮತ್ತಿನ ಜೊತೆಗೆ ನೋವು ತಡೆಯುವ ಗುಣವೂ ಒಂದೆರಡು ನಿಮಿಷದಲ್ಲಿ ಹೊರಟುಹೋಗುತ್ತದೆ. ಅದುಮಿಟ್ಟ ನೋವೆಲ್ಲ ಒಟ್ಟಿಗೆ ಎದ್ದು ಅವರು ಒದ್ದಾಡುತ್ತಾರೆ. ಆದ್ದರಿಂದ ಇಂಥವರಿಗೆ ನರ್ಸ್ ಅಥವಾ ವೈದ್ಯರು 0.4 ಮಿ.ಗ್ರಾಂ ಆಂಪೂಲನ್ನು ಸಲೈನ್ ಸೇರಿಸಿ 10 ಮಿ.ಲೀ. ಮಾಡಿ, ಅರ್ಧ ಮಿ.ಲೀ.ನಷ್ಟನ್ನು ರಕ್ತನಾಳಕ್ಕೆ, ಎರಡು ನಿಮಿಷಕ್ಕೊಮ್ಮೆ, ಉಸಿರು ಸರಿಹೋಗುವವರೆಗೆ ಕೊಡುತ್ತಾರೆ. ಕಣ್ಣು ಬಿಟ್ಟು ಮಾತಾಡುವವರೆಗೆ ಕೊಡಬೇಕಾಗಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಬೇಕೆ, ಎಷ್ಟು ಕೊಡಬೇಕೆಂಬುದನ್ನು ಚೀಟಿ ಬರೆದ ವೈದ್ಯರಿಂದಲೇ ಬರೆಸಿಕೊಳ್ಳಿ.

ನೀವು ಕಲಿಯಬೇಕಾದ್ದು ಉಸಿರು ಎಣಿಸುವುದು. ಮಲಗಿದ್ದಾಗ ಮುಟ್ಟದೆ, ಎಬ್ಬಿಸದೆ, ಮೊಬೈಲ್ ಗಡಿಯಾರ ನೋಡಿಕೊಂಡು ಎದೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಮುಟ್ಟಿದ ಕೂಡಲೇ ಲೆಕ್ಕ ಬದಲಾಗುತ್ತದೆ. ನಿಮಿಷಕ್ಕೆ 12ರ ಮೇಲಿದ್ದು, ಕರೆದರೆ ಕಣ್ಣು ಬಿಟ್ಟರೆ ಚಿಂತೆಯಿಲ್ಲ. 8ರಿಂದ 12ರ ನಡುವೆ ಇದ್ದು ತೂಕಡಿಕೆ ಹೆಚ್ಚಿದ್ದರೆ ಮುಂದಿನ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. 8ಕ್ಕಿಂತ ಕಡಿಮೆಯಾಗಿ, ಭುಜ ಅಲುಗಿಸಿದರೂ ಏಳದಿದ್ದರೆ ಅದು ತುರ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದೆ ಎಂದು ಗಾಬರಿ ಬೇಡ. ದಿನವೂ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಅದು ಯಾವಾಗಲೂ ಹಾಗೆಯೇ ಇರುತ್ತದೆ.

ವಾಂತಿ ಭೇದಿಯಾಗಿ, ಇಲಿಜ್ವರ ಬಂದು ಅಥವಾ ಬೇರೆ ಕಾರಣದಿಂದ ಮೂತ್ರ ಕಡಿಮೆಯಾದರೆ ಅಂದೇ ತಿಳಿಸಿ. ಮಾರ್ಫಿನ್ ಕರಗಿ ಉಂಟಾಗುವ ವಸ್ತು ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದು ಸೋತರೆ ನಿನ್ನೆವರೆಗೆ ಸರಿಯಿದ್ದ ಅದೇ 10 ಮಿ.ಗ್ರಾಂ ಇವತ್ತು ಹೆಚ್ಚಾಗುತ್ತದೆ. ಇನ್ನೊಂದು ಮಾತನ್ನು ಹೇಳಲೇಬೇಕು. ಕಾಯಿಲೆಯ ಕೊನೆಯ ದಿನಗಳಲ್ಲಿ ಉಸಿರು ತಾನಾಗಿ ನಿಧಾನವಾಗಿ, ನಡುನಡುವೆ ನಿಂತು ಮತ್ತೆ ಶುರುವಾಗುವುದುಂಟು. ಅದು ಮಾರ್ಫಿನ್ ಮಾಡಿದ್ದಲ್ಲ. ಆಗ ನಾಲಾಕ್ಸೋನ್ ಕೊಟ್ಟರೆ ಸಿಗುವುದು ನೋವು ಮಾತ್ರ.

ಪ್ರಶ್ನೆ: ಮಗ ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾನೆ. ಯಾವುದೋ ನೋವಿನ ಮಾತ್ರೆಗಳನ್ನು ಮತ್ತಿಗಾಗಿ ತಿನ್ನುತ್ತಾನೆಂದು ತಿಳಿಯಿತು. ಒಂದು ರಾತ್ರಿ ಏಳಲಾರದಷ್ಟು ಮಲಗಿದ್ದನಂತೆ. ‘ಜೋರಾಗಿ ಗೊರಕೆ ಹೊಡೆಯುತ್ತಿದ್ದ, ಮಲಗಲಿ ಎಂದು ಬಿಟ್ಟೆವು’ ಎನ್ನುತ್ತಾರೆ ಗೆಳೆಯರು. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕೆಂದು ಅವರಿಗೆ ಹೇಳಿಕೊಡಲಿ? (ಹೊಸನಗರ)

ಈ ಉತ್ತರವನ್ನು ಅವನ ಗೆಳೆಯರಿಗೆ ಕಳಿಸಿ. ಅವರು ಕೇಳಿದ್ದು ನಿದ್ದೆಯ ಗೊರಕೆ ಆಗಿರಲಾರದು. ಅಮಲು ಹೆಚ್ಚಾದಾಗ ನಾಲಿಗೆಯ ಬುಡ ಸಡಿಲಾಗಿ ಹಿಂದಕ್ಕೆ ಬೀಳುತ್ತದೆ. ಅರ್ಧ ಮುಚ್ಚಿದ ಗಂಟಲಿನಿಂದ ಗಾಳಿ ನುಸುಳುವಾಗ ಅಂಥ ಸದ್ದು ಬರುತ್ತದೆ. ಕೆಲವೊಮ್ಮೆ ಗೊಳಗೊಳ ಎನ್ನುತ್ತದೆ. ಈ ಸದ್ದು ಕೇಳಿ ‘ಮಲಗಲಿ’ ಎಂದು ಬಾಗಿಲೆಳೆದುಕೊಂಡು ಹೋದರೆ ಬೆಳಿಗ್ಗೆ ಅವನಿರುವುದಿಲ್ಲ.

ಮೊದಲು ಹೆಸರು ಹಿಡಿದು ಗಟ್ಟಿಯಾಗಿ ಕೂಗಿ, ಭುಜ ಅಲುಗಿಸಿ. ಏಳದಿದ್ದರೆ ಬೆರಳ ಗೆಣ್ಣುಗಳಿಂದ ಎದೆಯ ನಡುಮೂಳೆಯನ್ನು ಜೋರಾಗಿ ಉಜ್ಜಿ. ಅದಕ್ಕೂ ಮಿಸುಕದಿದ್ದರೆ, ಉಸಿರು ಐದಾರು ಸೆಕೆಂಡಿಗೂ ಒಮ್ಮೆ ಬಾರದಿದ್ದರೆ, ತುಟಿ ಮತ್ತು ಉಗುರು ನೀಲಿ ಅಥವಾ ಬೂದಿಬಣ್ಣಕ್ಕೆ ತಿರುಗಿದ್ದರೆ ಇನ್ನು ಯೋಚಿಸುತ್ತ ಕೂರಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ, ‘ಉಸಿರಾಡುತ್ತಿಲ್ಲ’ ಎಂಬ ಮಾತನ್ನೇ ಮೊದಲು ಹೇಳಿ. ‘ಕುಡಿದಿದ್ದಾನೆ’, ‘ತಲೆ ತಿರುಗಿ ಬಿದ್ದ’ ಎಂದರೆ ಅವಸರ ಅವರಿಗೆ ಗೊತ್ತಾಗುವುದಿಲ್ಲ.

ಇನ್ನೊಬ್ಬರು ಉಸಿರು ಕೊಡಬೇಕು. ಅಂಗಾತ ಮಲಗಿಸಿ, ಬಾಯಲ್ಲಿ ಕಾಣುವ ವಾಂತಿ, ಮಾತ್ರೆ, ಗುಟ್ಕಾ ತೆಗೆಯಿರಿ. ಒಂದು ಕೈ ಹಣೆಯ ಮೇಲಿಟ್ಟು, ಇನ್ನೊಂದು ಕೈಯ ಎರಡು ಬೆರಳಿನಿಂದ ಗದ್ದ ಎತ್ತಿ ತಲೆಯನ್ನು ಹಿಂದಕ್ಕೆ ಬಾಗಿಸಿ. ಎಷ್ಟೋ ಸಲ ಇಷ್ಟಕ್ಕೇ ಗಂಟಲು ತೆರೆದು ಉಸಿರು ಬರುತ್ತದೆ. ಬಾರದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು, ಒಂದು ಸೆಕೆಂಡು ಊದಿ. ಎದೆ ಏಳುವುದು ಕಾಣಬೇಕು. ಏಳದಿದ್ದರೆ ತಲೆ ಸಾಕಷ್ಟು ಬಾಗಿಲ್ಲ ಎಂದರ್ಥ. ಇನ್ನಷ್ಟು ಬಾಗಿಸಿ ಊದಿ. ಐದಾರು ಸೆಕೆಂಡಿಗೊಂದರಂತೆ ನಿಲ್ಲಿಸದೆ ಕೊಡುತ್ತಿರಿ. ನಾಡಿ ಸಿಗದಿದ್ದರೆ, ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೂ ಸರಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂ.ಮೀ. ಆಳಕ್ಕೆ 30 ಸಲ ಒತ್ತಿ 2 ಉಸಿರು ಕೊಡಿ, ಹೀಗೆಯೇ ಮುಂದುವರಿಸಿ. ಅಫೀಮಿನ ಸಾವು ಶುರುವಾಗುವುದು ಹೃದಯದಿಂದಲ್ಲ, ಉಸಿರಿನಿಂದ. ರಕ್ತದಲ್ಲಿ ಪ್ರಾಣವಾಯುವೇ ಮುಗಿದಿರುವಾಗ ಬರೀ ಎದೆ ಒತ್ತಿದರೆ ಸಾಲದು. ನಾಲಾಕ್ಸೋನ್ ಕೈಯಲ್ಲಿದ್ದರೂ ಮೊದಲ ಕೆಲಸ ಉಸಿರು ಕೊಡುವುದೇ. ಚುಚ್ಚಿದ ಔಷಧಿ ಮಿದುಳಿಗೆ ತಲುಪಲು ಎರಡರಿಂದ ಐದು ನಿಮಿಷ ಬೇಕು, ಉಸಿರಿಲ್ಲದ ಮಿದುಳಿಗೆ ಅಷ್ಟು ಹೊತ್ತು ಕಾಯುವ ಶಕ್ತಿಯಿಲ್ಲ.

ತಾನಾಗಿ ಉಸಿರಾಡತೊಡಗಿದ ಮೇಲೆ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಮಡಿಸಿ ಊರುವಂತೆ ಮಾಡಿ, ಬಾಯಿ ನೆಲದ ಕಡೆಗಿರಲಿ. ವಾಂತಿಯಾದರೆ ಹೊರಗೆ ಹೋಗುತ್ತದೆ.

ಮಾಡಬಾರದ್ದೂ ಇದೆ. ಉಪ್ಪುನೀರು, ಹುಣಸೆನೀರು, ಮಜ್ಜಿಗೆ, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ. ಎಚ್ಚರವಿಲ್ಲದವರ ಗಂಟಲಿಗೆ ಸುರಿದದ್ದು ಹೊಟ್ಟೆಗಿಂತ ಮೊದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುವುದು, ಎಬ್ಬಿಸಿ ನಡೆಸುವುದು, ಈರುಳ್ಳಿ ಹಿಂಡುವುದು ಎಲ್ಲವೂ ಸಮಯ ತಿನ್ನುವ ಕೆಲಸ. ಇಬ್ಬರ ನಡುವೆ ಕೂರಿಸಿಕೊಂಡು ಬೈಕಿನಲ್ಲಂತೂ ಒಯ್ಯಲೇಬೇಡಿ. ಕತ್ತು ಎದೆಯ ಮೇಲೆ ಬಿದ್ದು ಗಂಟಲು ಪೂರ್ತಿ ಮುಚ್ಚಿಹೋಗುತ್ತದೆ, ಮುಂದೆ ಕೂತವನಿಗೆ ಗೊತ್ತೇ ಆಗುವುದಿಲ್ಲ. ಕಾರು, ಜೀಪು, ಓಮ್ನಿ ಯಾವುದಾದರೂ ಸರಿ, ಹಿಂದೆ ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಕೂತು ಉಸಿರು ನೋಡುತ್ತಿರಬೇಕು.

ಪ್ರಶ್ನೆ: ಅಮೆರಿಕದಲ್ಲಿ ಮೂಗಿಗೆ ಸಿಂಪಡಿಸುವ ನಾಲಾಕ್ಸೋನ್ ಅಂಗಡಿಯಲ್ಲೇ ಸಿಗುತ್ತದಂತೆ. ನಮ್ಮಲ್ಲಿ ಆಂಪೂಲ್ ಮಾತ್ರ ಇದ್ದರೆ ಮನೆಯವರು ಚುಚ್ಚಬಹುದೆ? ಹೇಗೆ? (ಸಾಗರ)

ಅಲ್ಲಿ 4 ಮಿ.ಗ್ರಾಂ ಸ್ಪ್ರೇಗೆ 2015ರಲ್ಲಿ ಅನುಮತಿ ಸಿಕ್ಕಿತು, 2023ರಲ್ಲಿ ಚೀಟಿಯಿಲ್ಲದೆ ಮಾರಲು ಬಿಟ್ಟರು. ನಮ್ಮ ಊರುಗಳ ಔಷಧಿ ಅಂಗಡಿಯಲ್ಲಿ ಅದನ್ನು ನಂಬಿಕೊಂಡು ಕೂರುವಂತಿಲ್ಲ. ಅಪಾಯದಲ್ಲಿರುವವರ ಮನೆಯವರಿಗೆ, ಗೆಳೆಯರಿಗೆ ನಾಲಾಕ್ಸೋನ್ ಸಿಗಬೇಕು, ಕೊಡುವುದನ್ನು ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಆದ್ದರಿಂದ ವೈದ್ಯರು ಬರೆದುಕೊಟ್ಟರೆ, ನರ್ಸ್ ಒಬ್ಬರು ಎದುರಿಗೆ ಕೂರಿಸಿ ಕಲಿಸಿದರೆ ಮನೆಯವರಿಂದಲೂ ಆಗುವ ಕೆಲಸ ಇದು. ಓದಿಯಷ್ಟೇ ಮಾಡಲು ಹೊರಡಬೇಡಿ. ಸಲೈನ್ ಆಂಪೂಲ್ ಮೇಲೆ ಒಂದೆರಡು ಸಲ ಕೈ ಪಳಗಿಸಿಕೊಳ್ಳಿ.

ಡಬ್ಬಿಯಲ್ಲಿ ಇಡಬೇಕಾದ್ದು ಎರಡು ಮೂರು ಆಂಪೂಲ್, 2 ಮಿ.ಲೀ. ಸಿರಿಂಜ್ ಅಷ್ಟೇ ಸಂಖ್ಯೆಯಲ್ಲಿ, ಒಂದು ಇಂಚಿನ 23 ನಂಬರ್ ಸೂಜಿ, ಹತ್ತಿ, ಕೈಗವಸು. ಇನ್ಸುಲಿನ್ ಸಿರಿಂಜಿನ ಸೂಜಿ ಗಿಡ್ಡ, ಸ್ನಾಯುವಿಗೆ ತಲುಪುವುದಿಲ್ಲ. ಆಂಪೂಲಿನ ಕತ್ತಿನ ಮೇಲೆ ಉಳಿದ ಔಷಧಿಯನ್ನು ಬೆರಳಿನಿಂದ ತಟ್ಟಿ ಕೆಳಗಿಳಿಸಿ, ಕತ್ತಿಗೆ ಬಟ್ಟೆ ಸುತ್ತಿ, ಚುಕ್ಕೆ ಗುರುತು ನಿಮ್ಮ ಕಡೆಗಿರುವಂತೆ ಹಿಡಿದು, ನಿಮ್ಮಿಂದ ದೂರಕ್ಕೆ ಬಾಗಿಸಿ ಮುರಿಯಿರಿ. ಬಟ್ಟೆಯಿಲ್ಲದೆ ಗಡಿಬಿಡಿಯಲ್ಲಿ ಮುರಿದು ಬೆರಳು ಕೊಯ್ದುಕೊಳ್ಳುವವರೇ ಹೆಚ್ಚು. ಪೂರ್ತಿ 1 ಮಿ.ಲೀ. ಎಳೆದುಕೊಂಡು, ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ ನೆಟ್ಟಗೆ ಚುಚ್ಚಿ ಒತ್ತಿ. ಅವಸರವಿದ್ದರೆ ತೆಳು ಪಂಚೆ, ಪ್ಯಾಂಟಿನ ಮೇಲಿಂದಲೇ ಆಗಬಹುದು. ಮತ್ತೆ ಉಸಿರು ಕೊಡಲು ಹೋಗಿ. ಎರಡು ಮೂರು ನಿಮಿಷ ಕಳೆದರೂ ಉಸಿರು ಬಾರದಿದ್ದರೆ ಎರಡನೆಯದು, ಹಾಗೆಯೇ ಮೂರನೆಯದು.

ಏಳುವಾಗ ಅವರು ನಿಮಗೆ ಕೈಮುಗಿಯುತ್ತಾರೆಂದು ಎಣಿಸಬೇಡಿ. ವಾಂತಿ, ಬೆವರು, ಮೈ ನವಿರೇಳುವುದು, ಹೊಟ್ಟೆನೋವು, ಸಿಟ್ಟು, ಕೆಲವರಲ್ಲಿ ಹೊಡೆದಾಟವೂ ಇರುತ್ತದೆ. ಔಷಧಿ ಕೆಲಸ ಮಾಡಿದೆ ಎಂಬುದರ ಗುರುತು ಅದು. ಎದುರು ವಾದಿಸದೆ, ಸ್ವಲ್ಪ ದೂರ ನಿಂತು, ಏನಾಯಿತೆಂದು ಮೆಲ್ಲಗೆ ಹೇಳಿ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟ ಐದೇ ನಿಮಿಷಕ್ಕೆ ಎದ್ದು ಕೂತು ಮಾತಾಡಿದರೆ, ಮತ್ತೆ ಶಿವಮೊಗ್ಗದವರೆಗೆ ಒಯ್ಯುವ ಅಗತ್ಯವಿದೆಯೇ? (ಆಗುಂಬೆ)

ಇದೆ. ನಾಲಾಕ್ಸೋನ್ ಕೂತ ಜಾಗ ಬಿಡುವುದು 30ರಿಂದ 90 ನಿಮಿಷದಲ್ಲಿ. ತಿಂದ ಮಾತ್ರೆ ಅಷ್ಟರಲ್ಲಿ ಕರಗಿ ಹೋಗಿರುವುದಿಲ್ಲ. 12 ಗಂಟೆ ಕೆಲಸ ಮಾಡುವ ನಿಧಾನ ಮಾರ್ಫಿನ್, ಮೆಥಡೋನ್, ಚರ್ಮಕ್ಕೆ ಅಂಟಿಸುವ ಪಟ್ಟಿ ಇವೆಲ್ಲ ನಾಲಾಕ್ಸೋನ್ ಎದ್ದುಹೋದ ಮೇಲೂ ರಕ್ತದಲ್ಲಿ ಕಾದು ಕೂತಿರುತ್ತವೆ. ಜಾಗ ಖಾಲಿಯಾದ ಕೂಡಲೇ ಮತ್ತೆ ಬಂದು ಕೂರುತ್ತವೆ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ಮಳೆ ಹಿಡಿದರೆ, ದಾರಿಗೆ ಮರ ಬಿದ್ದರೆ ಹೊತ್ತು ಇನ್ನೂ ಹೆಚ್ಚು. ಅಂದರೆ ಮನೆಯಲ್ಲಿ ಎದ್ದು ಕೂತವರು ದಾರಿಯಲ್ಲೇ ಮತ್ತೆ ಉಸಿರು ನಿಲ್ಲಿಸಬಹುದು. ಆದ್ದರಿಂದ ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ನಿಲ್ಲಿಸಿ, ಉಸಿರು ನೋಡಿಸಿ, ಬೇಕಾದರೆ ಮತ್ತೊಂದು ಡೋಸ್ ಕೊಡಿಸಿ, ಅಲ್ಲಿಂದ ಆಕ್ಸಿಜನ್ ಇರುವ ಆಂಬುಲೆನ್ಸಿನಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವುದು ಸರಿಯಾದ ಕ್ರಮ. ಹೊರಡುವಾಗಲೇ ಫೋನ್ ಮಾಡಿಸಿ. ಮನೆಯಲ್ಲಿ ಸಿಗ್ನಲ್ ಇಲ್ಲದವರು, ಯಾವ ಗುಡ್ಡದ ತಿರುವಿನಲ್ಲಿ ಸಿಗುತ್ತದೆ, ಯಾರ ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ ಎಂಬುದನ್ನು ಇವತ್ತೇ ಗೊತ್ತುಮಾಡಿಕೊಳ್ಳಿ.

ಎದ್ದವರು ಮೈಕೈ ನೋವೆಂದು, ಚಡಪಡಿಕೆಯೆಂದು ಮತ್ತೆ ಅದೇ ಮಾತ್ರೆಗೆ ಕೈ ಚಾಚುತ್ತಾರೆ. ಕೊಡಬೇಡಿ. ನಾಲಾಕ್ಸೋನ್ ಇಳಿದಾಗ ಹಳೆಯದೂ ಹೊಸದೂ ಸೇರಿ ಎರಡರಷ್ಟಾಗುತ್ತದೆ.

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಎಚ್ಚರವಿಲ್ಲದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ಬರುವವರಲ್ಲಿ ಹೆಚ್ಚಿನವರು ತೋಟದ ಔಷಧಿ ಕುಡಿದವರು. ಅಫೀಮು ಯಾವುದು, ಕೀಟನಾಶಕ ಯಾವುದು ಎಂದು ಕೂಡಲೇ ಗುರುತಿಸುವುದು ಹೇಗೆ? (ಸೊರಬ)

ನಮ್ಮ ಕಡೆಗೆ ಇದು ಬಹಳ ಮುಖ್ಯವಾದ ಪ್ರಶ್ನೆ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ವಿಷದಲ್ಲೂ ಪಾಪೆ ಕಿರಿದಾಗುತ್ತದೆ, ಉಸಿರು ಸೋಲುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ‘ಒದ್ದೆಯೋ ಒಣವೋ’ ನೋಡಿ. ಕೀಟನಾಶಕದಲ್ಲಿ ರೋಗಿ ತೊಯ್ದುಹೋಗಿರುತ್ತಾರೆ: ಬಾಯಲ್ಲಿ ನೊರೆ ಜೊಲ್ಲು, ಕಣ್ಣೀರು, ಬೆವರು, ಬಟ್ಟೆಯಲ್ಲೇ ಮಲಮೂತ್ರ, ಎದೆಯಲ್ಲಿ ಗೊರಗೊರ, ಸ್ನಾಯುಗಳ ಸಣ್ಣ ಅದುರುವಿಕೆ, ಬೆಳ್ಳುಳ್ಳಿ ಅಥವಾ ಸೀಮೆಎಣ್ಣೆಯಂಥ ವಾಸನೆ. ಅಫೀಮಿನಲ್ಲಿ ಬಾಯಿ ಒಣಗಿ, ಹೊಟ್ಟೆ ಸದ್ದಿಲ್ಲದೆ, ಉಸಿರು ಮಾತ್ರ ವಿರಳ. ಮೊದಲನೆಯದಕ್ಕೆ ಅಟ್ರೊಪಿನ್ ಎಂಬ ಪ್ರತಿವಿಷ, ವಯಸ್ಕರಿಗೆ 1.8ರಿಂದ 3 ಮಿ.ಗ್ರಾಂ, ಅಂದರೆ 0.6 ಮಿ.ಗ್ರಾಂ ಆಂಪೂಲ್ ಮೂರರಿಂದ ಐದು, ಎದೆ ಒಣಗುವವರೆಗೆ ಐದು ನಿಮಿಷಕ್ಕೊಮ್ಮೆ ಇಮ್ಮಡಿ. ಬಟ್ಟೆ ಬಿಚ್ಚಿಸಿ ಮೈ ತೊಳೆಸಿ. ಅಲ್ಲಿ ನಾಲಾಕ್ಸೋನ್ ಹಿಡಿದು ಕೂತರೆ ಅಟ್ರೊಪಿನ್‌ಗೆ ತಡವಾಗುತ್ತದೆ.

ಎರಡಕ್ಕೂ ಮೊದಲು ಗ್ಲುಕೋಮೀಟರ್. ಸಕ್ಕರೆ ಇಳಿದವರು ಯಾವ ವಿಷದವರಂತೆಯೂ ಕಾಣಬಲ್ಲರು. ಬಿ.ಪಿ. ತೀರ ಏರಿದ್ದು ಪಾಪೆ ಚುಕ್ಕೆಯಾಗಿದ್ದರೆ ಮಿದುಳಿನ ಬುಡದ ರಕ್ತಸ್ರಾವವೂ ಇರಬಹುದೆಂದು ನೆನಪಿರಲಿ.

ಅಫೀಮೆಂದು ತೋರಿದರೆ ಮೊದಲು ಅಂಬು ಬ್ಯಾಗ್ (ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ), ಆರು ಸೆಕೆಂಡಿಗೊಂದು ಹಿಂಡು. ಮಾತ್ರೆಯ ಚಟ ಇರುವವರಿಗೆ ರಕ್ತನಾಳದಲ್ಲಿ 0.04ರಿಂದ 0.1 ಮಿ.ಗ್ರಾಂನಷ್ಟು ಸಣ್ಣದಾಗಿ ಶುರುಮಾಡಿ ಏರಿಸಿದರೆ ಹೊಡೆದಾಟ, ವಾಂತಿ ತಪ್ಪುತ್ತದೆ. ಉಸಿರೇ ನಿಂತಿದ್ದರೆ 0.4 ಮಿ.ಗ್ರಾಂ ಕೊಡಿ, ಎರಡು ಮೂರು ನಿಮಿಷಕ್ಕೊಮ್ಮೆ ಹೆಚ್ಚಿಸಿ. ರಕ್ತನಾಳ ಸಿಗದಿದ್ದರೆ ಹುಡುಕುತ್ತ ಹೊತ್ತು ಕಳೆಯದೆ ತೊಡೆಗೆ. ಒಟ್ಟು 10 ಮಿ.ಗ್ರಾಂ ಆದರೂ ಬದಲಾವಣೆ ಇಲ್ಲವೆಂದರೆ ಕಾರಣ ಬೇರೆಯೇ ಇದೆ. ಮತ್ತೆ ಮತ್ತೆ ಮಂಕಾಗುತ್ತಿದ್ದರೆ, ಉಸಿರು ತಂದ ಒಟ್ಟು ಡೋಸಿನ ಮೂರನೇ ಎರಡು ಪಾಲನ್ನು ಗಂಟೆಗೆ ಹನಿಸಬೇಕು, 0.6 ಮಿ.ಗ್ರಾಂನಿಂದ ಎದ್ದಿದ್ದರೆ ಗಂಟೆಗೆ 0.4 ಮಿ.ಗ್ರಾಂ. ಆಕ್ಸಿಜನ್ ಹಾಕಿದ ಮೇಲೆ ಬೆರಳಿನ ಆಕ್ಸಿಮೀಟರ್ 98 ತೋರಿಸುತ್ತಿದ್ದರೂ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು. ಯಂತ್ರ ನೋಡಿ ಸಮಾಧಾನಪಡದೆ ಉಸಿರನ್ನು ಕಣ್ಣಲ್ಲೇ ಎಣಿಸಿ. ಅನುಮಾನವಿದ್ದರೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1800 116 117 ಇದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸೊಂಟನೋವಿಗೆ ಟ್ರಮಡಾಲ್ ನುಂಗಿ, ಸಂಜೆ ಕುಡಿದು, ನಿದ್ದೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾನೆ. ಇದಕ್ಕೂ ನಾಲಾಕ್ಸೋನ್ ಆಗುತ್ತದೆಯೇ? (ಹೊಸನಗರ ತಾಲ್ಲೂಕು)

ಅರ್ಧಂಬರ್ಧ. ಮದ್ಯಕ್ಕೆ, ಅಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗೆ ನಾಲಾಕ್ಸೋನ್ ಏನೂ ಮಾಡುವುದಿಲ್ಲ. ಆದರೂ ಮೂರೂ ಬೆರೆತಾಗ ಅಫೀಮಿನ ಪಾಲನ್ನು ತೆಗೆದರೆ ಉಸಿರು ಮರಳಬಹುದು, ಆದ್ದರಿಂದ ಕೊಡಬೇಕು. ಉಸಿರು ಬಂದೂ ಎಚ್ಚರ ಬಾರದಿದ್ದರೆ ಉಳಿದೆರಡರ ಕೆಲಸ ಎಂದು ತಿಳಿದು, ಮಗ್ಗುಲಾಗಿಸಿ ಆಸ್ಪತ್ರೆಗೆ ಒಯ್ಯಿರಿ. ಟ್ರಮಡಾಲ್‌ಗೆ ಇನ್ನೊಂದು ಮುಖವಿದೆ: ದಿನಕ್ಕೆ 400 ಮಿ.ಗ್ರಾಂ ದಾಟಿದರೆ, ಕೆಲವರಲ್ಲಿ ಅದಕ್ಕೂ ಮೊದಲೇ, ಫಿಟ್ಸ್ ಬರಿಸುತ್ತದೆ. ಫಿಟ್ಸ್‌ಗೆ ನಾಲಾಕ್ಸೋನ್ ಮದ್ದಲ್ಲ. ಅಡಿಕೆ ಮರದ ತುದಿಯಲ್ಲಿ ಫಿಟ್ಸ್ ಬಂದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. 2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ಚೀಟಿಯಿಲ್ಲದೆ ಕೊಡುವ ಅಂಗಡಿ ಅವನಿಗೆ ಉಪಕಾರ ಮಾಡುತ್ತಿಲ್ಲ. ಸೊಂಟವನ್ನು ವೈದ್ಯರಿಗೆ ತೋರಿಸಲು ಒಂದು ದಿನದ ಕೂಲಿ ಕೊಟ್ಟು ಕಳಿಸಿ.

ಪ್ರಶ್ನೆ: ಅಜ್ಜಿಗೆ ನೋವಿಗೆಂದು ಎದೆಯ ಮೇಲೆ ಫೆಂಟನಿಲ್ ಪಟ್ಟಿ ಅಂಟಿಸಿದ್ದಾರೆ. ಹಂಡೆಯ ಬಿಸಿನೀರು ಸ್ನಾನ ಮಾಡಿ, ಒಲೆ ಮುಂದೆ ಚಳಿ ಕಾಯಿಸಿದ ದಿನ ಬಹಳ ಮಂಕಾಗುತ್ತಾರೆ. ಸಂಬಂಧವಿದೆಯೇ? (ನಗರ)

ನೇರ ಸಂಬಂಧವಿದೆ, ಗಮನಿಸಿದ್ದು ಒಳ್ಳೆಯದಾಯಿತು. ಪಟ್ಟಿ 72 ಗಂಟೆಯವರೆಗೆ ಔಷಧಿಯನ್ನು ಚರ್ಮದ ಮೂಲಕ ನಿಧಾನ ಬಿಡುತ್ತದೆ. ಚರ್ಮ ಬಿಸಿಯಾದರೆ ರಕ್ತ ಓಡಾಟ ಹೆಚ್ಚಿ ಔಷಧಿ ಬೇಗ ಒಳಗಿಳಿಯುತ್ತದೆ. ಸುಡುಬಿಸಿ ನೀರು, ಒಲೆಯ ಮುಂದೆ ಎದೆಯೊಡ್ಡಿ ಕೂರುವುದು, ಬಿಸಿನೀರಿನ ಚೀಲ, ಜೋರು ಜ್ವರ ಎಲ್ಲವೂ ಒಂದೇ. ಉಗುರುಬೆಚ್ಚನೆಯ ನೀರು ಸಾಕು, ಕಂಬಳಿ ಹೊದೆಯಲು ಅಡ್ಡಿಯಿಲ್ಲ, ಬೆಂಕಿಗೆ ಬೆನ್ನು ಹಾಕಿ ದೂರ ಕೂರಲಿ. ಜ್ವರ 102 ದಾಟಿದರೆ ವೈದ್ಯರಿಗೆ ತಿಳಿಸಿ.

ಎಬ್ಬಿಸಿದರೂ ಏಳದಿದ್ದರೆ ಮೊದಲು ಪಟ್ಟಿ ಕಿತ್ತು ಆ ಜಾಗವನ್ನು ನೀರಿನಿಂದ ಒರೆಸಿ. ಸೋಪು, ಸ್ಪಿರಿಟ್ ಬೇಡ. ಹಳೆಯ ಪಟ್ಟಿ ಬೆನ್ನಿನಲ್ಲೋ ತೋಳಿನಲ್ಲೋ ಉಳಿದಿದೆಯೇ ನೋಡಿ, ಹೊಸದು ಹಚ್ಚುವಾಗ ಹಳೆಯದನ್ನು ತೆಗೆಯಲು ಮರೆತಿರುತ್ತಾರೆ. ಕಿತ್ತ ಮೇಲೂ ಚರ್ಮದಡಿ ಉಳಿದ ಔಷಧಿ ಇಳಿಯುತ್ತಲೇ ಇರುತ್ತದೆ. ಅರ್ಧಕ್ಕೆ ಬರಲು 17 ಗಂಟೆ ಅಥವಾ ಹೆಚ್ಚು ಬೇಕು. ಇಂಥವರಿಗೆ ಒಂದು ಡೋಸ್ ನಾಲಾಕ್ಸೋನ್ ಸಾಲುವುದೇ ಇಲ್ಲ, ಒಂದು ದಿನವಾದರೂ ಆಸ್ಪತ್ರೆಯಲ್ಲಿರಬೇಕು. ಬಳಸಿದ ಪಟ್ಟಿಯಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧಿ ಉಳಿದಿರುತ್ತದೆ. ಅಂಟು ಅಂಟಿಗೆ ಸೇರುವಂತೆ ಮಡಚಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಕೊಟ್ಟ ಆಸ್ಪತ್ರೆಗೇ ಮರಳಿಸಿ.

ಪ್ರಶ್ನೆ: ಎರಡು ವರ್ಷದ ಮಗು ಅಜ್ಜನ ಭೇದಿ ನಿಲ್ಲಿಸುವ ಮಾತ್ರೆ ಎರಡು ನುಂಗಿದೆ. ಚೆನ್ನಾಗಿಯೇ ಆಡುತ್ತಿತ್ತು, ಆದರೂ ವೈದ್ಯರು ಒಂದು ದಿನ ಇಟ್ಟುಕೊಂಡರು. ಅಷ್ಟು ಬೇಕಿತ್ತೆ? (ಶಿಕಾರಿಪುರ)

ಬೇಕಿತ್ತು, ಆ ವೈದ್ಯರು ಸರಿಯಾಗಿ ಮಾಡಿದ್ದಾರೆ. ಭೇದಿ ನಿಲ್ಲಿಸುವ ಕೆಲವು ಮಾತ್ರೆಗಳಲ್ಲಿ ಇರುವುದು ಡೈಫಿನಾಕ್ಸಿಲೇಟ್ 2.5 ಮಿ.ಗ್ರಾಂ, ಅಫೀಮು ವರ್ಗದ್ದೇ, ಜೊತೆಗೆ ಚಿಟಿಕೆ ಅಟ್ರೊಪಿನ್. ಇದು ಕರುಳನ್ನೇ ನಿಧಾನ ಮಾಡುವುದರಿಂದ ಮಾತ್ರೆ ತಡವಾಗಿ ರಕ್ತ ಸೇರುತ್ತದೆ. ಮಗು ಗಂಟೆಗಟ್ಟಲೆ ಆಡಿಕೊಂಡಿದ್ದು ಆಮೇಲೆ ಉಸಿರು ಕಳೆದುಕೊಳ್ಳುವುದು, ನಾಲಾಕ್ಸೋನ್‌ನಿಂದ ಎದ್ದು 24 ಗಂಟೆಯೊಳಗೆ ಮತ್ತೆ ಮಲಗುವುದು ಎರಡೂ ಆಗುತ್ತವೆ. ಮಕ್ಕಳಿಗೆ ಡೋಸ್ ಕಿಲೋಗೆ 0.1 ಮಿ.ಗ್ರಾಂ, 10 ಕಿಲೋ ಮಗುವಿಗೆ 1 ಮಿ.ಗ್ರಾಂ, ಅಂದರೆ ಎರಡೂವರೆ ಆಂಪೂಲ್. ಮೈ ಸಣ್ಣದಾದರೂ ಔಷಧಿ ಸಣ್ಣದಲ್ಲ. ವಾಂತಿ ಮಾಡಿಸಲು ಹೋಗಬೇಡಿ, ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಓಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪನ್ನೂ 12 ವರ್ಷದೊಳಗಿನವರಿಗೆ ಕೊಡಬಾರದು.

ಪ್ರಶ್ನೆ: ತಮ್ಮ ವ್ಯಸನ ಬಿಡಿಸುವ ಕೇಂದ್ರದಿಂದ ಬಂದಿದ್ದಾನೆ. ಬುಪ್ರೆನಾರ್ಫಿನ್-ನಾಲಾಕ್ಸೋನ್ ಎಂಬ ಮಾತ್ರೆ ನಾಲಿಗೆಯಡಿ ಇಡಲು ಕೊಟ್ಟಿದ್ದಾರೆ. ತುರ್ತಿನಲ್ಲಿ ಇದನ್ನೇ ಕೊಡಬಹುದೆ? ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಹೋಗಲು ಹೆದರಿಕೆ. (ಭದ್ರಾವತಿ)

ಕೊಡಲೇಬಾರದು. ಅದರಲ್ಲಿರುವ ಬುಪ್ರೆನಾರ್ಫಿನ್ ಕೂಡ ಅಫೀಮು ವರ್ಗದ್ದೇ. ನಾಲಿಗೆಯಡಿ ಇಟ್ಟಾಗ ನಾಲಾಕ್ಸೋನ್ ರಕ್ತಕ್ಕೆ ಸೇರುವುದು ಲೆಕ್ಕಕ್ಕಿಲ್ಲ. ಕರಗಿಸಿ ಚುಚ್ಚಿಕೊಳ್ಳುವವರನ್ನು ತಡೆಯಲೆಂದು ಸೇರಿಸಿದ್ದು ಅದು. ವೈದ್ಯರು ಹೇಳಿದಂತೆ ದಿನವೂ ತೆಗೆದುಕೊಳ್ಳಲಿ, ತಾನಾಗಿ ನಿಲ್ಲಿಸದಿರಲಿ. ಹೆಸರಿನಲ್ಲಿ ಹೋಲುವ ನಾಲ್ಟ್ರೆಕ್ಸೋನ್ ಮಾತ್ರೆಯೂ ತುರ್ತಿನದಲ್ಲ.

ತಮ್ಮನಿಗೆ ಅತಿ ಅಪಾಯದ ಕಾಲ ಇದೇ. ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ಕೆಲವು ವಾರಗಳಲ್ಲಿ ಮೈಗೆ ಹಿಂದಿನ ತಾಳಿಕೆ ಇರುವುದಿಲ್ಲ, ಮನಸ್ಸಿಗೆ ಹಿಂದಿನ ಲೆಕ್ಕ ಮಾತ್ರ ನೆನಪಿರುತ್ತದೆ. ಮೊದಲು ಅರಗಿಸಿಕೊಳ್ಳುತ್ತಿದ್ದಷ್ಟನ್ನೇ ಈಗ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅವನನ್ನು ಬೈಯುತ್ತ ಕೋಣೆಯೊಳಗೆ ಒಬ್ಬನೇ ಇರುವಂತೆ ಮಾಡಬೇಡಿ. ಬಾಗಿಲು ಚಿಲಕ ಹಾಕದಿರಲಿ. ಒಬ್ಬನೇ ಇದ್ದವನಿಗೆ ನಾಲಾಕ್ಸೋನ್ ಇದ್ದೂ ಇಲ್ಲದಂತೆ, ಕೊಡುವವರೇ ಇರುವುದಿಲ್ಲ.

ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕಳಿಸಬಹುದು. ಅದು ದಾಖಲೆಯ ಕ್ರಮ. ತುರ್ತಿನಲ್ಲಿ ಮೊದಲು ಚಿಕಿತ್ಸೆ, ಆಮೇಲೆ ಕಾಗದ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಸರ್ಕಾರಿ, ಖಾಸಗಿ ವೈದ್ಯರಿಬ್ಬರಿಗೂ ಹೇಳಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆಯುಳ್ಳ ಕಡೆ ಚಿಕಿತ್ಸೆ ಪಡೆದರೆ ಮಾದಕ ವಸ್ತು ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ವೈದ್ಯರ ಬಳಿ ಏನು, ಎಷ್ಟು, ಯಾವಾಗ ಎಂಬುದನ್ನು ಮುಚ್ಚಿಡಬೇಡಿ. ವ್ಯಸನದ ಸಹಾಯವಾಣಿ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416.

ಪ್ರಶ್ನೆ: ಆಂಪೂಲ್ ಫ್ರಿಜ್ಜಿನಲ್ಲಿಡಬೇಕೆ? ಅವಧಿ ಮುಗಿದರೆ? (ಸಾಗರ)

ಫ್ರಿಜ್ ಬೇಡ. ಬೆಳಕು ಬೀಳದಂತೆ ಪೆಟ್ಟಿಗೆಯಲ್ಲೇ, ಅಡುಗೆ ಒಲೆಯಿಂದಲೂ ಬಚ್ಚಲ ಒಲೆಯಿಂದಲೂ ದೂರ ಇಡಿ. ಅಟ್ಟದ ಮೇಲಲ್ಲ, ಬೀಗದ ಕಪಾಟಿನಲ್ಲೂ ಅಲ್ಲ. ಬೀಗ ಹಾಕಬೇಕಾದ್ದು ಮಾರ್ಫಿನ್‌ಗೆ. ಮಳೆಗಾಲದಲ್ಲಿ ಸೀಲು ಒದ್ದೆಯಾಗದಂತೆ ಸಿರಿಂಜುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ: ದ್ರವ ತಿಳಿಯಾಗಿರಬೇಕು, ಮಬ್ಬಾಗಿದ್ದರೆ, ಬಣ್ಣ ತಿರುಗಿದ್ದರೆ ಬದಲಾಯಿಸಿ. ಅವಧಿ ಮುಗಿಯುವ ಮುನ್ನವೇ ಹೊಸದು ತನ್ನಿ. ಜೀವ ಹೋಗುವ ಹೊತ್ತಿನಲ್ಲಿ ಕೈಯಲ್ಲಿರುವುದು ಅವಧಿ ಮೀರಿದ್ದೊಂದೇ ಆದರೆ ಅದನ್ನೇ ಕೊಡಿ, ಉಸಿರು ಕೊಡುವುದನ್ನು ನಿಲ್ಲಿಸಬೇಡಿ, ಅವಧಿ ಮುಗಿದದ್ದು ಕೊಟ್ಟೆವೆಂದು ಆಂಬುಲೆನ್ಸಿನವರಿಗೆ ಹೇಳಿ. ಡಬ್ಬಿ ಎಲ್ಲಿದೆಯೆಂದು ಮನೆಯ ಎಲ್ಲ ದೊಡ್ಡವರಿಗೂ, ಪಕ್ಕದ ಮನೆಯ ಒಬ್ಬರಿಗೂ ತೋರಿಸಿಡಿ.